ದನಿ ಎತ್ತಬೇಡ, ಬೀಟ್ ಬಗ್ಗಿಸು...

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-) ಆದ್ರೆ ಹೋದ ತಿಂಗಳು ನಮ್ಮ ಮಾವನ ಮಗಳ ಮದುವೆಯಲ್ಲಿ ಒಂದು ಪ್ರಸಂಗ ನಡೀತು. ಅದನ್ನ ಬರೆದು ಹಾಕದೇ ಇದ್ರೆ ತಲೆಯಿಂದ ಇಳಿಯಲ್ಲ ಅನ್ನಿಸಿ ಕೂತಿದ್ದೀನಿ. ವಿಷಯ ಡಿಜೆ. ಹೌದು, ಟ್ರ್ಯಾಕ್ಟರ್ ಮೇಲೆ ಆಳೆತ್ತರ ಬಾಕ್ಸ್ ಪೇರಿಸಿಕೊಂಡು ಕಿಟಕಿ ಗಾಜೆಲ್ಲ ನಡುಗಿಸ್ತಾ ಹೋಗುತ್ತಲ್ಲ, ಅದೇ. 'ಥೂ' ಅಂತ ಪುಟ ಮುಚ್ಚಬೇಡಿ, ಸ್ವಲ್ಪ ತಾಳಿ...

ಮದುವೆ ಇದ್ದದ್ದು ಮೊಳಕಾಲ್ಮೂರಲ್ಲಿ, ಅಮ್ಮನ ತವರು. ರೇಷ್ಮೆ ಸೀರೆ ಊರು ಅಂದ್ರೆ ನಿಮಗೆಲ್ಲ ಗೊತ್ತಿರುತ್ತೆ. ನಾನು ಚಿಕ್ಕೋನಿದ್ದಾಗ ಅಜ್ಜಿ ಮನೇಲಿ ಎರಡು ಮಗ್ಗ ಇದ್ವು, ಈಗ ಒಂದೇ. ಮಾವನ ಮಗ ಹಗಲು ಆ ಮಗ್ಗದಲ್ಲಿ ಕೂರ್ತಾನೆ, ಮದುವೆ ಸೀಸನ್ನು, ಗಣೇಶನ ಹಬ್ಬ, ಜಾತ್ರೆ ಬಂದ್ರೆ ಡಿಜೆ. ವಯಸ್ಸಲ್ಲಿ ನನಗಿಂತ ಹನ್ನೆರಡು ವರ್ಷ ಚಿಕ್ಕೋನು, ನನ್ನ 'ಭಾವ' ಅಂತಾನೆ. ನಾನು ಹುಟ್ಟಿ ಬೆಳೆದಿದ್ದು ಚಳ್ಳಕೆರೆ, ಈಗ ಬೆಂಗಳೂರಲ್ಲಿ ಕಂಪ್ಯೂಟರ್ ಕುಟ್ಟೋ ಕೆಲಸ. ಹಾಡುಗಳನ್ನ ಒಂದಕ್ಕೊಂದು ಸೇರಿಸೋ ಚಟ ಕಾಲೇಜ್ ದಿನಗಳಿಂದ ಇದೆ. ಹಾಗಾಗಿ ಇಬ್ಬರಿಗೂ ಫೋನಲ್ಲಿ ಮಾತಾಡೋಕೆ ಇದೇ ವಿಷಯ.

ಮದುವೆಗೆ ಒಂದು ವಾರ ಮುಂಚೆ ಫೋನ್ ಮಾಡಿದ್ದ. "ಭಾವ, ಅಜ್ಜಿ ಕ್ಯಾಸೆಟ್ ಐತಲ್ಲ, ಅದನ್ನ ಟೆಕ್ನೋ ರೀಮಿಕ್ಸ್ ಮಾಡೀನಿ. ತಂಗಿ ಮೆರವಣಿಗೇಲಿ ಹಾಕ್ತೀನಿ. ಅತ್ತೆಗೆ ಹೇಳ್ಬೇಡ, ಸರ್‌ಪ್ರೈಸು."

ಆ ಕ್ಯಾಸೆಟ್ 1996ರದ್ದು. ನಮ್ಮಪ್ಪ ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಮಾಡಿದ್ದು. ಅಜ್ಜಿ ಸೋಬಾನೆ ಪದ ಹೇಳ್ತಾಳೆ, ಹಿಂದೆ ನಾಲ್ಕೈದು ಹೆಂಗಸರು ಸೊಲ್ಲಿಗೆ ಸೊಲ್ಲು ಸೇರಿಸ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅಜ್ಜಿ ತೀರಿಕೊಂಡು ಹದಿನೈದು ವರ್ಷದ ಮೇಲಾಯ್ತು. ಅವಳ ದನಿ ಅಂತ ಮನೆಯಲ್ಲಿ ಉಳಿದಿರೋದು ಇದೊಂದೇ.

ಮೆರವಣಿಗೆ ದಿನ ಸಂಜೆ ಜನರೇಟರ್ ಗುರ್ ಅಂತಿತ್ತು, ಲೈಟುಗಳು ತಿರುಗ್ತಿದ್ವು. ನಾಲ್ಕು ತೆಲುಗು ಹಾಡು, ಎರಡು ಕನ್ನಡ ಸಿನಿಮಾ ಹಾಡು ಆದ್ಮೇಲೆ ಹುಡುಗ ನನ್ನ ಕಡೆ ನೋಡಿ ಕಣ್ಣು ಹೊಡೆದ. ಬಂತು ಅಜ್ಜಿ ಪದ. ಕೆಳಗೆ ಧಮ್ ಧಮ್ ಧಮ್ ಧಮ್, ಮೇಲೆ ಅವಳ ದನಿ. ಹುಡುಗರು ಕುಣಿದ್ರು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟೋಕೆ ಶುರು ಮಾಡಿ, ಎರಡು ಸಲ ತಪ್ಪಿ, ಸುಮ್ಮನಾದ್ರು. ಅಮ್ಮ ತಲೆ ಓರೆ ಮಾಡಿ ಕೇಳಿಸ್ಕೊಂಡು ನನ್ನ ಕೇಳಿದ್ಲು:

"ಯಾರೋ ಆ ಹುಡುಗಿ? ನಮ್ಮವ್ವನ ಪದ ಹೇಳ್ತೈತಲ್ಲ... ಚೆನ್ನಾಗಿ ಕಲ್ತೈತೆ."

ಹೆತ್ತ ತಾಯಿಯ ದನಿ ಮಗಳಿಗೆ ಗುರುತು ಸಿಗಲಿಲ್ಲ. ಪದ ಸಿಕ್ತು, ದನಿ ಸಿಗಲಿಲ್ಲ. ನಾನು ಏನೂ ಹೇಳಲಿಲ್ಲ. ಟ್ರ್ಯಾಕ್ಟರ್ ಪಕ್ಕದಲ್ಲೇ ನಿಂತಿದ್ದ ಅವನಿಗೆ ಆಮೇಲೆ ಹೇಳಿದೆ. ಮುಖ ಸಪ್ಪಗಾಯ್ತು ಪಾಪ. "ಕೀ ಮ್ಯಾಚ್ ಮಾಡೀನಿ ಭಾವ, ಟೆಂಪೋ ಮ್ಯಾಚ್ ಮಾಡೀನಿ. ಸಾಫ್ಟ್‌ವೇರ್ ಹಸಿರು ತೋರಿಸ್ತು. ಇನ್ನೇನ್ ಮಾಡ್ಬೇಕಿತ್ತು?"

ಈ ಬರಹ ಆ ಪ್ರಶ್ನೆಗೆ ಉತ್ತರ. ಸ್ವಲ್ಪ ಲೆಕ್ಕ ಬರುತ್ತೆ, ಹೆದರಬೇಡಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಡಿಜೆ ಮಾಡೋ ಕೆಲಸ ಏನು? ಒಂದು ಹಾಡು ಮುಗಿಯೋ ಮುಂಚೆ ಇನ್ನೊಂದನ್ನ ಅದರೊಳಗೆ ಸೇರಿಸೋದು, ಕುಣಿಯೋರ ಕಾಲು ನಿಲ್ಲದ ಹಾಗೆ. ನೇಕಾರರ ಮನೆಯವರಿಗೆ ಇದನ್ನ ವಿವರಿಸೋದು ಬಹಳ ಸುಲಭ. ಮಗ್ಗದಲ್ಲಿ ಹಳೇ ಹಾಸು ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನ ಬೆರಳಲ್ಲಿ ಹೊಸೆದು ಸೇರಿಸ್ತಾರೆ. ಎಳೆ ಅದಲುಬದಲಾದ್ರೆ ಮುಂದಿನ ಸೀರೆಯೆಲ್ಲ ಕೆಡುತ್ತೆ. ಇಲ್ಲೂ ಹಾಗೇ. ಸೇರಿಸಬೇಕಾದ ಎಳೆಗಳು ಮುಖ್ಯವಾಗಿ ಎರಡು. ಒಂದು ಟೆಂಪೋ, ಅಂದ್ರೆ ನಿಮಿಷಕ್ಕೆ ಎಷ್ಟು ಪೆಟ್ಟು, ಡಿಜೆ ಭಾಷೆಯಲ್ಲಿ ಬಿಪಿಎಂ. ಇನ್ನೊಂದು ಕೀ, ಅಂದ್ರೆ ಹಾಡು ಯಾವ ಸ್ವರದ ಮೇಲೆ ಕೂತಿದೆ, ನಮ್ಮ ಮಾತಲ್ಲಿ ಶ್ರುತಿ.

ಹಿಂದೆ ಇದೆಲ್ಲ ಕೈ, ಕಿವಿ ಕೆಲಸ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಅನ್ನೋ ತಟ್ಟೆ ಪ್ಲೇಯರ್‌ನಲ್ಲಿ ವೇಗವನ್ನ ಶೇಕಡ 8ರಷ್ಟು ಹೆಚ್ಚು-ಕಡಿಮೆ ಮಾಡೋ ಒಂದು ಪಟ್ಟಿ ಇತ್ತು. ವೇಗ ಹೆಚ್ಚಿಸಿದ್ರೆ ಸ್ವರನೂ ಮೇಲೇರ್ತಿತ್ತು. ಹೆಚ್ಚು-ಕಡಿಮೆ ಶೇಕಡ 6 ವೇಗಕ್ಕೆ ಒಂದು ಅರೆಸ್ವರ. ಎರಡೂ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳು. ಆಮೇಲೆ ಕಂಪ್ಯೂಟರ್ ಬಂದು ಹಗ್ಗ ಬಿಚ್ಚಿತು. ಕೀ ಲಾಕ್ ಅಂತ ಒಂದು ಗುಂಡಿ: ವೇಗ ಎಷ್ಟೇ ಬದಲಾಗ್ಲಿ, ಸ್ವರ ಅಲ್ಲೇ. ಇನ್ನೊಂದು ಗುಂಡಿ ಸಿಂಕ್: ಎರಡು ಹಾಡಿನ ಪೆಟ್ಟು ತಾನೇ ಕೂಡಿಸುತ್ತೆ. ಕೀ ಗುರುತಿಸೋಕೆ ಮಿಕ್ಸ್ಡ್ ಇನ್ ಕೀ ಥರದ ಸಾಫ್ಟ್‌ವೇರು. ಅದು ಗಡಿಯಾರದ ಹಾಗೆ ಒಂದು ಚಕ್ರ ಕೊಡುತ್ತೆ, ಕ್ಯಾಮೆಲಾಟ್ ಚಕ್ರ ಅಂತ. 1ರಿಂದ 12ರವರೆಗೆ ಅಂಕಿ, ಎ ಅಂದ್ರೆ ಮೈನರ್, ಬಿ ಅಂದ್ರೆ ಮೇಜರ್. ಅದೇ ಅಂಕಿ ಅಥವಾ ಪಕ್ಕದ ಅಂಕಿಯ ಹಾಡು ಹಾಕಿದ್ರೆ ಕಿವಿಗೆ ಕಿರಿಕಿರಿ ಆಗಲ್ಲ. ಸಂಗೀತ ಬರದವನೂ ಬಳಸಬಹುದು, ಅಂಕಿ ನೋಡೋಕೆ ಬಂದ್ರೆ ಸಾಕು. ಒಳ್ಳೇ ಉಪಾಯನೇ, ನಾನೂ ಬಳಸ್ತೀನಿ.

ಆದ್ರೆ ಅಜ್ಜಿ ಪದಕ್ಕೆ ಅದೇ ಉಪಾಯ ಎಲ್ಲೆಲ್ಲಿ ಕೈ ಕೊಡ್ತು ಅಂತ ನೋಡಿ. ಆವತ್ತು ರಾತ್ರಿ ಊಟ ಆದ್ಮೇಲೆ ಅವನ ಲ್ಯಾಪ್‌ಟಾಪ್ ಇಟ್ಕೊಂಡು ಮಹಡಿ ಮೇಲೆ ಕೂತ್ವಿ.

ಮೊದಲು ಟೆಂಪೋ. ಸಾಫ್ಟ್‌ವೇರ್ ಅಜ್ಜಿ ಪದಕ್ಕೆ 126 ಬಿಪಿಎಂ ಅಂತ ಬರೆದಿತ್ತು. ಇವನ ಟೆಕ್ನೋ 132. "ಆರೇ ವ್ಯತ್ಯಾಸ, ಆರಾಮಾಗಿ ಕೂರುತ್ತೆ" ಅಂತ ಶೇಕಡ 5ರಷ್ಟು ಏರಿಸಿದ್ದ. ನಾನು ಕ್ಯಾಸೆಟ್ ಹಾಕಿ ಚಪ್ಪಾಳೆ ಎಣಿಸಿದೆ. ನಿಮಿಷಕ್ಕೆ 84. ಮತ್ತೆ ಎಣಿಸಿದೆ. 84ನೇ! ಇಬ್ಬರಿಗೂ ತಲೆ ಕೆಟ್ಟೋಯ್ತು.

ಗಂಟು ಬಿಡಿಸಿದ್ದು ನಾವಲ್ಲ. ಮದುವೆಗೆ ತಮಟೆಯವರೂ ಬಂದಿದ್ರು, ಅವರಲ್ಲಿ ಹಿರಿಯರೊಬ್ಬರು ಅಲ್ಲೇ ಬೀಡಿ ಸೇದ್ತಾ ಕೂತಿದ್ರು. ನಮ್ಮ ಒದ್ದಾಟ ಕೇಳಿ ಕೇಳಿ ಬೇಸರ ಬಂತೋ ಏನೋ. "ಇದು ಮೂರರ ಹೆಜ್ಜೆ ಕಣಪ್ಪಾ. ನೀವು ಎರಡರಾಗೆ ಹೊಡೀತೀರ" ಅಂದು, ಮೊಣಕಾಲ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದ್ರು. ಒಂದು ಚಪ್ಪಾಳೆಯೊಳಗೆ ಮೂರು ಸಣ್ಣ ಪೆಟ್ಟು. ತಕಿಟ ತಕಿಟ. ಎರಡು ಚಪ್ಪಾಳೆಗೆ ಆರು.

ಅಷ್ಟೇ ವಿಷಯ! ನಿಮಿಷಕ್ಕೆ 84 ಚಪ್ಪಾಳೆ, ಒಂದಕ್ಕೆ ಮೂರು ಸಣ್ಣ ಪೆಟ್ಟು, ಒಟ್ಟು 252. ಸಾಫ್ಟ್‌ವೇರಿಗೆ ಗೊತ್ತಿರೋದು ಎರಡು-ನಾಲ್ಕರ ಎಣಿಕೆ. ಅದು 252ನ್ನ ಎರಡೆರಡಾಗಿ ಕಟ್ಟಿ 126 ಅಂತು. ಟೆಕ್ನೋ ಅಂದ್ರೆ ಒಂದು ಆವರ್ತಕ್ಕೆ ನಾಲ್ಕು ನೇರ ಪೆಟ್ಟು, ಮಧ್ಯೆ ಎರಡೆರಡು ಭಾಗ. ಹೀಗೆ ಧಮ್ ಬೀಳ್ತಿದ್ದದ್ದು ಎರಡಕ್ಕೊಮ್ಮೆ, ಚಪ್ಪಾಳೆ ಮೂರಕ್ಕೊಮ್ಮೆ. ಆರಕ್ಕೊಮ್ಮೆ ಮಾತ್ರ ಇಬ್ಬರೂ ಭೇಟಿ ಆಗ್ತಾರೆ, ಉಳಿದ ಹೊತ್ತೆಲ್ಲ ಜಗಳ. ಬಾಗಿಲಲ್ಲಿ ನಿಂತ ಹೆಂಗಸರ ಕೈ ತಪ್ಪಿದ್ದು ಅವರ ತಪ್ಪಲ್ಲ. ಅವರ ಕೈಯೇ ಸರಿ ಇತ್ತು.

ಇದು ಅಜ್ಜಿ ಪದವೊಂದರ ಕಥೆ ಅಲ್ಲ ಅಂತ ನನ್ನ ಅನುಮಾನ. ನಮ್ಮ ಕಡೆ ಜಾತ್ರೆ ಮೆರವಣಿಗೆಯಲ್ಲಿ ಕೇಳಿರೋ ಎಷ್ಟೋ ಜನಪದ ರೀಮಿಕ್ಸ್‌ಗಳು ಕುಂಟುತ್ತವೆ ಅನ್ಸುತ್ತಿತ್ತು, ಯಾಕೆ ಅಂತ ಗೊತ್ತಾಗ್ತಿರಲಿಲ್ಲ. ಈಗ ಎಣಿಸಿ ನೋಡ್ತೀನಿ. ಮೂರರ ನಡೆಯ ಪದವನ್ನ ಎರಡರ ಅಚ್ಚಿಗೆ ಹಾಕಿ ಅದುಮಿರ್ತಾರೆ.

ಈಗ ಕೀ. ಇದು ಇನ್ನೂ ಸ್ವಾರಸ್ಯ. ಅಜ್ಜಿ ಪದದಲ್ಲಿರೋದು ನಾಲ್ಕೇ ಸ್ವರ. ಸ, ರಿ, ಕೋಮಲ ಗ, ಮತ್ತೆ ಕೆಳಗಿನ ಕೋಮಲ ನಿ. ಹಾರ್ಮೋನಿಯಂ ಲೆಕ್ಕದಲ್ಲಿ ಅವಳ ಷಡ್ಜ ಬಿಳಿ ಐದು, ಅದಕ್ಕಿಂತ ಒಂಚೂರು ಮೇಲೆ. ಪೂರ್ತಿ ಕಪ್ಪು ನಾಲ್ಕಕ್ಕೆ ಮುಟ್ಟಲ್ಲ. ಅಳೆದ್ರೆ 40 ಸೆಂಟ್ ಜಾಸ್ತಿ. ಒಂದು ಅರೆಸ್ವರಕ್ಕೆ 100 ಸೆಂಟ್. (ಗಡಿ ದಾಟಿ ರಾಯದುರ್ಗದ ಕಡೆ ಹೋದ್ರೆ ಎಕರೆಗೂ 100 ಸೆಂಟೇ! ನಮ್ಮ ಹುಡುಗನಿಗೆ ಹೀಗೆ ಹೇಳಿದ್ಮೇಲೆ ತಕ್ಷಣ ಅರ್ಥ ಆಯ್ತು.) ಅವಳು ಹಾಡಿದ್ದೇ ಹಾಗೋ, ಟೂ-ಇನ್-ಒನ್ ಮೋಟಾರು ನಿಧಾನ ಇತ್ತೋ, ಈಗ ಹೇಳೋರು ಯಾರು. ನಮ್ಮ ಪಾಲಿಗೆ ಉಳಿದಿರೋ ಅಜ್ಜಿ ಇದೇ.

ಈ ನಾಲ್ಕು ಸ್ವರ ನಾಲ್ಕು ಬೇರೆ ಬೇರೆ ಕೀಗಳೊಳಗೆ ಕೂರುತ್ತವೆ: ಜಿ ಮೈನರ್, ಡಿ ಮೈನರ್, ಎಫ್ ಮೇಜರ್, ಬಿ ಫ್ಲ್ಯಾಟ್ ಮೇಜರ್. ಸರಿಯಾದ ಉತ್ತರ ಜಿ, ಯಾಕಂದ್ರೆ ಪ್ರತಿ ಸಾಲೂ ಅಲ್ಲಿಗೆ ಬಂದು ನಿಲ್ಲುತ್ತೆ. ಆದ್ರೆ 'ನಿಲ್ಲೋದು' ಅನ್ನೋದು ಸಾಫ್ಟ್‌ವೇರಿಗೆ ಸರಿಯಾಗಿ ಕಾಣಲ್ಲ, ಅದು ಯಾವ ಸ್ವರ ಎಷ್ಟು ಹೊತ್ತು ಇತ್ತು ಅಂತ ಗುಣಿಸಿ ಊಹೆ ಮಾಡುತ್ತೆ. ಅದು ಹೇಳಿದ್ದು ಎಫ್ ಮೇಜರ್, ಚಕ್ರದಲ್ಲಿ 7ಬಿ. ಇವನ ಟೆಕ್ನೋ ಇ ಮೈನರ್, 9ಎ. ಏಳನ್ನ ಒಂಬತ್ತು ಮಾಡಬೇಕು. ಎರಡು ಅರೆಸ್ವರ ಮೇಲೆತ್ತಿದ್ರೆ ಆಯ್ತು. ಎತ್ತಿದ. ಹಸಿರು ಬಂತು.

ಆಗಿದ್ದೇನು ಅಂದ್ರೆ, ಅಜ್ಜಿ ಷಡ್ಜ ಎ ಆಯ್ತು, ಕೆಳಗೆ ಬೇಸ್ ಮಾತ್ರ ಇ ಅಂತ ಗುಂಯ್‌ಗುಟ್ಟುತ್ತಿತ್ತು. ಷಡ್ಜ ಹೋಗಿ ಬೇಸಿಗೆ ಮಧ್ಯಮ ಆಯ್ತು. ಸಾಲು ಮುಗಿಸಿ ಅವಳು ಮನೆಗೆ ಬಂದ್ರೂ ಒಳಗೆ ಕರೆಯೋರಿಲ್ಲ, ಹೊಸಿಲಲ್ಲೇ ನಿಂತಂಗೆ. ಅದರ ಮೇಲೆ ಆ 40 ಸೆಂಟ್ ಬೇರೆ, ಸಣ್ಣ ಹುಳಿ. ಎಲ್ಲಕ್ಕಿಂತ ದೊಡ್ಡ ಅನಾಹುತ ಎರಡು ಅರೆಸ್ವರ ಎತ್ತಿದ್ದು. ಹೀಗೆ ದನಿಯನ್ನ ಸುಮ್ಮನೆ ಎತ್ತಿದ್ರೆ ಸ್ವರದ ಜೊತೆ ಗಂಟಲು, ಬಾಯಿ, ಮೂಗಿನ ಗುರುತು ಕೂಡ ಶೇಕಡ 12ರಷ್ಟು ಮೇಲೇರುತ್ತೆ. ಅರವತ್ತೈದು ವರ್ಷದ ಹೆಂಗಸಿನ ಗಂಟಲನ್ನ ಚಿಕ್ಕದು ಮಾಡಿದಂಗೆ. ಅಮ್ಮನಿಗೆ ಹುಡುಗಿ ಕಂಡಿದ್ದು ಸುಮ್ಮನೆ ಅಲ್ಲ.

ಇಷ್ಟು ಹೇಳಿದ್ರೆ ಕೆಲವರು "ಅದಕ್ಕೇ ಹೇಳೋದು, ಜನಪದವನ್ನ ರೀಮಿಕ್ಸ್ ಮಾಡಲೇಬಾರದು" ಅಂತೀರಿ, ಗೊತ್ತು. ನಾನು ಆ ಪಾರ್ಟಿ ಅಲ್ಲ. ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಸಾವಿರಾರು ಪದಗಳನ್ನ ನೆನಪಲ್ಲೇ ಇಟ್ಕೊಂಡಿದ್ದವರು. ಅಂಥವರ ಪದಗಳು ಪುಸ್ತಕಕ್ಕೆ ಬಂದಿವೆ, ಬಹಳ ದೊಡ್ಡ ಕೆಲಸ. ಆದ್ರೆ ಪುಸ್ತಕದಲ್ಲಿ ಶ್ರುತಿ ಇರಲ್ಲ, ನಡೆ ಇರಲ್ಲ. ನಮ್ಮ ಮನೆ ಕ್ಯಾಸೆಟ್ ಇಷ್ಟು ವರ್ಷ ಟ್ರಂಕಲ್ಲಿತ್ತು, ಯಾರೂ ಕೇಳಿರಲಿಲ್ಲ. ಅದನ್ನ ಹೊರಗೆ ತೆಗೆದವನು ಡಿಜೆ. ತೆಗೆದು ಕೆಡಿಸಿದ, ಸರಿ, ಆದ್ರೆ ತೆಗೆದ. ನಾನೂ ಸೇರಿದಂತೆ ಓದಿದವರು ಏನು ಮಾಡಿದ್ವಿ?

ಇನ್ನೊಂದು ಮಾತು. ಸಿನಿಮಾ ಹಾಡಿಗಿಂತ ಟೆಕ್ನೋನೇ ನಮ್ಮ ಪದಗಳಿಗೆ ಹತ್ತಿರ ಅಂತ ನನ್ನ ವಾದ. ನಗಬೇಡಿ. ಸಿನಿಮಾ ಹಾಡಲ್ಲಿ ಕಾರ್ಡ್‌ಗಳು ಬದಲಾಗ್ತಾ ಇರುತ್ತವೆ. ಬಹಳಷ್ಟು ಟೆಕ್ನೋ ಒಂದೇ ಸ್ವರದ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತೆ, ತಂಬೂರಿ ಹಾಗೆ. 1982ರಲ್ಲೇ ಚರಣ್‌ಜಿತ್ ಸಿಂಗ್ ಅನ್ನೋ ಮುಂಬೈ ಸಿನಿಮಾ ವಾದ್ಯಗಾರರು ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರ ಇಟ್ಕೊಂಡು ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ಕೂರಿಸಿ ರೆಕಾರ್ಡ್ ಮಾಡಿದ್ರು. ಆಗ ಯಾರೂ ಕೊಳ್ಳಲಿಲ್ಲ. ಷಿಕಾಗೋದವರು ಅದೇ 303 ಯಂತ್ರದಿಂದ ಆಸಿಡ್ ಹೌಸ್ ಅಂತ ಹೆಸರು ಮಾಡಿದ್ದು ಅದಾದ ಐದು ವರ್ಷಕ್ಕೆ. 2010ರಲ್ಲಿ ಆ ರೆಕಾರ್ಡ್ ಮರುಮುದ್ರಣ ಆದಾಗ ಯುರೋಪಿನವರು ಬಾಯಿ ಮೇಲೆ ಬೆರಳಿಟ್ಟರು. ಭೈರವ್ ರಾಗ ಕೇಳಿ ನೋಡಿ, ಎಲ್ಲೂ ಒರಟು ಅನ್ಸಲ್ಲ. ಕೂರಿಸಿದವರಿಗೆ ರಾಗದ ಮನೆ ಎಲ್ಲಿದೆ ಅಂತ ಗೊತ್ತಿತ್ತು.

ಟೆಕ್ನೋ ಹುಟ್ಟಿದ್ದೂ ಕಾರ್ಖಾನೆ ಊರಲ್ಲಿ, 80ರ ದಶಕದ ಡೆಟ್ರಾಯಿಟ್‌ನಲ್ಲಿ. ಕಾರು ಕಾರ್ಖಾನೆಗಳು ಸೊರಗುತ್ತಿದ್ದ ಕಾಲಕ್ಕೆ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅನ್ನೋ ಕರಿಯ ಹುಡುಗರು ಮಾಡಿದ ಸಂಗೀತ ಅದು. ನಾನು ಮಲಗ್ತಿದ್ದದ್ದು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಹಿಂದಿನ ಬೀದಿಯಲ್ಲಿ. ಶೇಂಗಾ ಸೀಸನ್ನಲ್ಲಿ ರಾತ್ರಿಯಿಡೀ ಗಡ್ ಗಡ್ ಗಡ್. ಮೊದಲ ಸಲ ಟೆಕ್ನೋ ಕೇಳಿದಾಗ ನನಗೆ ಅಮೆರಿಕ ನೆನಪಾಗಲಿಲ್ಲ, ಹಿಂಡಿ ವಾಸನೆ ನೆನಪಾಯ್ತು :-)

ಸದ್ದಿನ ವಿಷಯಕ್ಕೆ ಮಾತ್ರ ನಾನು ಡಿಜೆಯವರ ವಕೀಲ ಅಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಅನ್ನೋ ನಿಯಮ 2000ನೇ ಇಸವಿಯಿಂದ ಇದೆ, ಸುಪ್ರೀಂ ಕೋರ್ಟು 2005ರಲ್ಲಿ ಮತ್ತೆ ಗಟ್ಟಿಯಾಗಿ ಹೇಳಿದೆ. ಪಾಲಿಸಬೇಕು, ಅಷ್ಟೇ. ಅದು ಬೇರೆ ಜಗಳ.

ಹುಡುಗನ ಒಂದು ವಾದಕ್ಕೆ ಮಾತ್ರ ನಾನು ಸ್ವಲ್ಪ ತಡವರಿಸಿದೆ. "ಭಾವ, ಜನಕ್ಕೆ ಬೇಕಿರೋದು ಎದೆಗೆ ಗುದ್ದೋದು. ಬೀದಿಯಾಗೆ ಕೀ ಯಾರು ಕೇಳ್ತಾರೆ?" ನಿಜ, ಕುಣಿಯೋ ಹುಡುಗರು ಶ್ರುತಿ ಕೇಳಲ್ಲ. ಆದ್ರೆ ಎದೆಗೆ ಗುದ್ದೋದು ಬೇಸ್ ತಾನೇ? ಬೇಸ್‌ಗೂ ಒಂದು ಸ್ವರ ಇದೆ. ಅವನ ಇ ಬೇಸ್ 41 ಹರ್ಟ್ಸ್. ಅವನ ಬಾಕ್ಸಿಂದ ಅಷ್ಟು ಕೆಳಗಿನ ಸದ್ದು ಬರೋದೇ ಇಲ್ಲ, ಬರೀ ಪರದೆ ಪಟಪಟ ಅನ್ನುತ್ತೆ. ಜಿ ಆದ್ರೆ 49. ಎದೆಗೆ ಚೆನ್ನಾಗೇ ಬರುತ್ತೆ. ಅಜ್ಜಿ ಶ್ರುತಿಗೇ ಹೋದ್ರೆ ಅವನ ಗುದ್ದೂ ಜಾಸ್ತಿ ಆಗುತ್ತೆ ಅಂತ ತೋರಿಸಿದ್ಮೇಲೆ ಮೆತ್ತಗಾದ.

ಇಲ್ಲೊಂದು ತಮಾಷೆ. ಆ 40 ಸೆಂಟ್ ಸೇರಿಸಿದ್ರೆ 49 ಹೋಗಿ 50 ಚಿಲ್ಲರೆ ಆಗುತ್ತೆ. ನಮ್ಮ ದೇಶದ ಕರೆಂಟಿನ ಗುಂಯ್ ಸದ್ದೂ 50 ಹರ್ಟ್ಸ್. ಅಜ್ಜಿ ಕೆಇಬಿ ಶ್ರುತಿಗೇ ಹಾಡಿದ್ದಾಳೆ! ಹುಡುಗ ಅರ್ಧ ಗಂಟೆ ನಕ್ಕ.

ಮದುವೆ ಮುಗಿದು ನಾಲ್ಕನೇ ದಿನ ಚಳ್ಳಕೆರೆಯಲ್ಲಿ ಬೀಗರೂಟ. ಅಷ್ಟರಲ್ಲಿ ಹೊಸದಾಗಿ ಮಾಡೋಣ ಅಂತ ತೀರ್ಮಾನ ಆಯ್ತು. ನಾನು ಹಾಕಿದ ಷರತ್ತು ಒಂದೇ, ಅಜ್ಜಿ ದನಿ ಮುಟ್ಟಬಾರದು. ಎತ್ತಬಾರದು, ಇಳಿಸಬಾರದು, ಎಳೆಯಬಾರದು. ಬಗ್ಗೋದೆಲ್ಲ ಟೆಕ್ನೋ ಬಗ್ಗಲಿ. ಮಗ್ಗದಲ್ಲಿರೋದು ಅವಳ ಹಾಸು, ಹೊಸ ಎಳೆ ಅದಕ್ಕೆ ಸೇರಬೇಕು.

ಅಜ್ಜಿ ಮೊದಲ ನುಡಿಯನ್ನ 81ರಲ್ಲಿ ಶುರು ಮಾಡಿ, ಮೂರನೇ ನುಡಿ ಹೊತ್ತಿಗೆ 84ಕ್ಕೆ ಬಂದು ಅಲ್ಲೇ ನಿಲ್ತಾಳೆ. ಸಾಫ್ಟ್‌ವೇರಿಗೆ ಬಿಟ್ರೆ ಇದನ್ನ ಇಸ್ತ್ರಿ ಮಾಡಿಬಿಡುತ್ತೆ. ಬಿಡಲಿಲ್ಲ. ಒಂದೊಂದು ಚಪ್ಪಾಳೆಗೂ ಕೈಯಾರೆ ಗುರುತು ಹಾಕಿ, ಧಮ್ ಆ ಗುರುತಿನ ಮೇಲೆ ಬೀಳೋ ಹಾಗೆ ಮಾಡಿದ್ವಿ. ಎರಡು ರಾತ್ರಿ ಹಿಡೀತು. ಎರಡು ಧಮ್ ಮಧ್ಯೆ ಸಣ್ಣ ಪೆಟ್ಟು ಮೂರು. ಮೊದಲ ಎರಡು ನುಡಿಗೆ ಏನೂ ಇಲ್ಲ, ಬರೀ ಅವಳ ದನಿ, ಕೆಳಗೆ ಒಂದೇ ಒಂದು ಜಿ, ಅವಳಷ್ಟೇ ಮೇಲೆ ಎತ್ತಿದ್ದು. ಕಾರ್ಡ್ ಬೇಡ ಅಂದೆ. ಮೂರನೇ ನುಡಿಗೆ ಧಮ್.

ಆಮೇಲೆ ಬಂತು ಕಷ್ಟ. 84ರಲ್ಲಿ ಶುರು ಮಾಡಿ ಕುಣಿಯೋ ವೇಗಕ್ಕೆ ಹೋಗೋದು ಹೆಂಗೆ? 84ರಿಂದ 126ಕ್ಕೆ ಏರಿಸಬೇಕು ಅಂದ್ರೆ ಒಂದೂವರೆ ಪಟ್ಟು. ಯಾವ ಪಟ್ಟಿ ಎಳೆದ್ರೂ ಆಗಲ್ಲ. ಆದ್ರೆ ಏರಿಸೋ ಅಗತ್ಯನೇ ಇಲ್ಲ! ಸಣ್ಣ ಪೆಟ್ಟು ನಿಮಿಷಕ್ಕೆ 252 ಇದೆಯಲ್ಲ, ಅದನ್ನ ಹಾಗೇ ಬಿಡಿ. ಇಷ್ಟು ಹೊತ್ತು ಮೂರಕ್ಕೊಂದು ಧಮ್ ಬೀಳ್ತಿತ್ತು, ಈಗ ಎರಡಕ್ಕೊಂದು ಹಾಕಿ. 252ನ್ನ ಎರಡರಿಂದ ಭಾಗಿಸಿದ್ರೆ 126. ಸಾಫ್ಟ್‌ವೇರ್ ತಪ್ಪಾಗಿ ಓದಿದ ಅಂಕಿಯೇ ಈಗ ದಾರಿ ಆಯ್ತು. ಅಜ್ಜಿ ಹಾಡಿ ಮುಗಿಸ್ತಾಳೆ, ತಕಿಟ ತಕಿಟ ಹಾಗೇ ನಡೀತಿರುತ್ತೆ, ಅದರೊಳಗಿಂದಲೇ ನೇರ ಟೆಕ್ನೋ ಎದ್ದು ಬರುತ್ತೆ. ಯಾರ ಕಾಲೂ ನಿಲ್ಲಲ್ಲ. ಅವನ ಪ್ರೀತಿಯ 132ಕ್ಕೆ ಅಲ್ಲಿಂದ ಮೆಲ್ಲಗೆ ಹೋಗಬಹುದು, ಆಗ ಅಜ್ಜಿ ಇರಲ್ಲ.

ಮುಂದಿನ ಹಾಡು ಯಾವುದು ಹಾಕೋದು ಅಂತ ಅವನ ಸಂಗ್ರಹ ಜಾಲಾಡಿದ್ವಿ. ಜಿ ಮೈನರ್‌ನಲ್ಲಿ, ಚಕ್ರದ 6ಎ, 123 ಬಿಪಿಎಂದು ಒಂದು ಸಿಕ್ತು. 123ನ್ನ 126 ಮಾಡಬೇಕು, ಶೇಕಡ 2.4. ಹುಡುಗ ಅಭ್ಯಾಸದ ಮೇಲೆ ಕೀ ಲಾಕ್ ಒತ್ತೋಕೆ ಹೋದ. "ತಡಿ" ಅಂದೆ. ಲಾಕ್ ಇಲ್ಲದೇ ಶೇಕಡ 2.4 ಏರಿಸಿದ್ರೆ ಸ್ವರ ಎಷ್ಟು ಏರುತ್ತೆ? 42 ಸೆಂಟ್. ಅಜ್ಜಿಗೆ ಬೇಕಿದ್ದದ್ದು 40! ಹಳೇ ತಟ್ಟೆ ಪ್ಲೇಯರ್‌ನಲ್ಲಿ ಎರಡು ಎತ್ತು ಒಂದೇ ಹಗ್ಗದಲ್ಲಿ ಹೋಗ್ತಿದ್ವು ಅಂದೆನಲ್ಲ, ಹಾಗೆ ಟೆಂಪೋ, ಶ್ರುತಿ ಎರಡೂ ಒಂದೇ ಎಳೆತಕ್ಕೆ ಬಂದು ಕೂತ್ವು. ಇಂಥದ್ದು ದಿನಾ ಆಗಲ್ಲ. ರಾತ್ರಿ ಎರಡು ಗಂಟೆಗೆ ಇಬ್ಬರೂ ಎದ್ದು ಕುಣಿದು ಮಾವನ ಹತ್ರ ಬೈಸ್ಕೊಂಡ್ವಿ.

ಅಂದಹಾಗೆ ಕೀ ಲಾಕ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಬರೀ ವಾದ್ಯ ಇರೋ ಹಾಡಿಗೆ ಎರಡು-ಮೂರು ಶೇಕಡ ಎಳೆದ್ರೆ ಯಾರಿಗೂ ಗೊತ್ತಾಗಲ್ಲ. ಮನುಷ್ಯರ ದನಿಗೆ, ಅದರಲ್ಲೂ ಗುರುತಿರೋ ದನಿಗೆ ಬೇಡ. ನೀರೊಳಗಿಂದ ಮಾತಾಡಿದಂಗೆ ಕೇಳುತ್ತೆ. ಚಕ್ರವನ್ನೂ ಬಿಸಾಡಿ ಅಂತಿಲ್ಲ, ಈಗಲೂ 6ಎ ಹುಡುಕಿದ್ದು ಅದರಿಂದಲೇ. ಆದ್ರೆ ಮೊದಲ ಅಂಕಿಯನ್ನ ಚಕ್ರ ಹೇಳಬಾರದು. ಪದ ಎಲ್ಲಿ ನಿಲ್ಲುತ್ತೆ ಅಂತ ನಾವು ಕೇಳಿಸ್ಕೊಂಡು ಚಕ್ರಕ್ಕೆ ಹೇಳಬೇಕು. ತಮಟೆಯವರು ಚರ್ಮವನ್ನ ಬೆಂಕಿಗೆ ಹಿಡಿದು, ಕಿವಿ ಹತ್ರ ತಂದು ತಟ್ಟಿ, ಸಾಲದು ಅಂತ ಮತ್ತೆ ಹಿಡೀತಾರಲ್ಲ, ಅಷ್ಟು ವ್ಯವಧಾನ ಸಾಕು. ಆ ಹಿರಿಯರನ್ನ ಬೀಗರೂಟಕ್ಕೂ ಕರೆಸಿದ್ವಿ. ಬಸ್ ಚಾರ್ಜ್ ಬೇರೆ, ಭತ್ಯೆ ಬೇರೆ ಅಂತ ಮೊದಲೇ ಮಾತಾಡ್ಕೊಂಡು ಬಂದ್ರು. ಸರಿಯಾಗೇ ಇದೆ.

ಚಳ್ಳಕೆರೆಯ ಕಲ್ಯಾಣ ಮಂಟಪದಲ್ಲಿ, ಹಗಲು ಎರಡು ಗಂಟೆಗೆ, ಊಟದ ಎರಡನೇ ಪಂಕ್ತಿ ಏಳೋ ಹೊತ್ತು. ಸದ್ದು ಅರ್ಧಕ್ಕಿಂತ ಕಡಿಮೆ. ಅಜ್ಜಿ ಶುರು ಮಾಡಿದ್ಲು.

ಅಮ್ಮ ಬೀಗಿತಿಗೆ ಎಲೆ-ಅಡಿಕೆ ಕೊಡ್ತಿದ್ದವಳು ಕೈ ನಿಲ್ಲಿಸಿದ್ಲು. ಸುತ್ತ ನೋಡಿದ್ಲು, ಬಾಕ್ಸ್ ಎಲ್ಲಿದೆ ಅಂತ ಹುಡುಕಿ ಅದರ ಮುಂದೆ ಹೋಗಿ ನಿಂತ್ಕೊಂಡ್ಲು. ಏನೂ ಕೇಳಲಿಲ್ಲ. ಮೂರನೇ ನುಡಿಗೆ ಧಮ್ ಬಂದಾಗ ಚಿಕ್ಕಮ್ಮಂದಿರು ಚಪ್ಪಾಳೆ ಹಿಡಿದ್ರು, ಈ ಸಲ ತಪ್ಪಲಿಲ್ಲ. ತಮಟೆ ಹಿರಿಯರು ಬಾಗಿಲ ಹತ್ರ ನಿಂತು ಹೆಜ್ಜೆ ನೋಡ್ತಿದ್ರು. ಟೆಕ್ನೋ ಏಳೋ ಹೊತ್ತಿಗೆ ಹುಡುಗರು ಓಡಿ ಬಂದ್ರು. ಅಮ್ಮ ಪಕ್ಕಕ್ಕೆ ಸರಿದು ನಮ್ಮಿಬ್ಬರ ಹತ್ರ ಬಂದ್ಲು. ಕಣ್ಣು ಒರೆಸ್ಕೊಂಡಿದ್ದು ಕಾಣ್ತಿತ್ತು. ಹೊಗಳ್ತಾಳೆ ಅಂತ ಕಾದ್ವಿ.

"ಕೊನೇ ನುಡಿ ಯಾಕ್ರೋ ಬಿಟ್ರಿ? ಹೆಣ್ಣು ಒಪ್ಪಿಸೋ ನುಡಿ ಅದೇ ಅಲ್ವಾ?"

ಕ್ಯಾಸೆಟ್ ಅಲ್ಲಿಗೇ ಮುಗಿದಿತ್ತು. ಕೊನೇ ನುಡಿ ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಹಾಗಂತ ಹೇಳಿದ್ರೆ, "ನನಗೆ ಬರುತ್ತೆ" ಅಂದ್ಲು. ನನಗೆ ಇಷ್ಟು ವಯಸ್ಸಾದ್ರೂ ಅಮ್ಮ ಪದ ಹೇಳಿದ್ದು ನಾನು ಕೇಳಿಲ್ಲ.

ಹೋದ ಭಾನುವಾರ ಫ್ಯಾನ್ ಆರಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡಿದೆ. ಅಮ್ಮನ ಷಡ್ಜ ಬಿಳಿ ನಾಲ್ಕು, ಅದೂ ಕರಾರುವಾಕ್ಕು. ಅಜ್ಜಿಗಿಂತ ಎರಡು ಅರೆಸ್ವರ, ಮೇಲೆ 40 ಸೆಂಟ್ ಕೆಳಗೆ. ನಡೆ 78. ಒಂದೇ ಪದದೊಳಗೆ ಇವೆರಡನ್ನ ಯಾವುದನ್ನೂ ಮುಟ್ಟದೇ ಸೇರಿಸೋದು ಹೆಂಗೆ ಅಂತ ಮಾವನ ಮಗ ದಿನಾ ರಾತ್ರಿ ಫೋನ್ ಮಾಡ್ತಿದ್ದಾನೆ. ಮಧ್ಯೆ ತಮಟೆ ಒಂದೇ ಇಟ್ಟು, ಶ್ರುತಿ ಮರೆಸಿ ದಾಟಿಸೋಣ ಅಂತ ನಾನು. ಬೇಸ್‌ನ ಜಾರಿಸಿಕೊಂಡು ಇಳಿಸೋಣ, ಉರುಮೆ ಉಜ್ಜಿದಂಗೆ, ಅಂತ ಅವನು. ನಿಮ್ಮಲ್ಲಿ ಯಾರಿಗಾದ್ರೂ ಬೇರೆ ದಾರಿ ಹೊಳೆದ್ರೆ ಹೇಳಿ.